ಮೆಂಡಲೀವನಿಗೂ ಸೀಟಿಲ್ಲ

ಫೆಬ್ರವರಿ ಬಂತೆಂದರೆ ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸುಗಳಲ್ಲಿ ಚಳಿಗಿಂತ ಸಿಬಿಎಸ್‌ಇ ಪರೀಕ್ಷೆಯ ನಡುಕವೇ ಜೋರು. ಹತ್ತನೇ ಕ್ಲಾಸಿನ ಮಕ್ಕಳ ಅಪ್ಪ-ಅಮ್ಮಂದಿರು ದೆಹಲಿ ಕರ್ನಾಟಕ ಸಂಘದ ನಾಟಕಕ್ಕೆ ಬರುವುದಿಲ್ಲ. ಮಲೈ ಮಂದಿರದ ಮೆಟ್ಟಿಲ ಮೇಲೆ ಸಿಗುತ್ತಾರೆ.

ಪಕ್ಕದ ಮನೆಯ ಹುಡುಗಿ ರಾಸಾಯನಿಕ ಸಮೀಕರಣ ಸರಿದೂಗಿಸುತ್ತಿದ್ದಳು. ನಾನು ದೊಡ್ಡಸ್ತಿಕೆಯಿಂದ, "ಆವರ್ತಕ ಕೋಷ್ಟಕ ಬಾಯಿಗೆ ಬರುತ್ತೇನಮ್ಮಾ?" ಎಂದೆ.

"ಅದು ಸಿಲಬಸ್ಸಲ್ಲೇ ಇಲ್ಲ, ಅಂಕಲ್!"

1869ರಲ್ಲಿ ಆ ಕೋಷ್ಟಕ ರಚಿಸಿದ ಮೆಂಡಲೀವ್, ಇನ್ನೂ ಪತ್ತೆಯೇ ಆಗದ ಧಾತುಗಳಿಗೂ ಕರ್ಚೀಫು ಹಾಕಿ ಸೀಟು ಹಿಡಿದಿಟ್ಟಿದ್ದ. 2023ರ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಅವನಿಗೇ ಸೀಟಿಲ್ಲ. ಹನ್ನೊಂದಕ್ಕೆ ಹೋಗಿ ಕೂತಿದ್ದಾನೆ, ಪಾಪ.

"ತುಕ್ಕಿನ ಪಾಠ ಇನ್ನೂ ಇದೆಯಲ್ಲ?" ಅಡುಗೆಮನೆಯಿಂದ ಅವಳಮ್ಮ ಕೂಗಿದರು. "ಬಾಲ್ಕನಿ ಗ್ರಿಲ್ ನೋಡ್ಕೊಂಡು ಓದ್ಕೋ!"