‘ಇಲ್ಲೇ’ ಎಂಬ ದೂರಮಾನ: ಭೀಮನ ಕೊಳ್ಳದ ಏಕದಿನ ಚಾರಣವನ್ನು ಆಧರಿಸಿದ ಶಾಸ್ತ್ರವಿಚಾರ

ಕನ್ನಡದಲ್ಲಿ ದೂರ ಅಳೆಯುವ ಮಾನಗಳಿಗೆ ಎಂದೂ ಬರವಿರಲಿಲ್ಲ. ಕೈಯಳತೆಗೆ ಸಿಕ್ಕರೆ ಗೇಣು, ಮೊಳ, ಮಾರು. ಕೂಗಿದರೆ ಕೇಳುವಷ್ಟಿದ್ದರೆ ಕೂಗಳತೆ. ಅದನ್ನೂ ದಾಟಿದರೆ ಸುಮಾರು ಮೂರು ಮೈಲಿಯ ಹರದಾರಿ. ನಾಲ್ಕು ಹರದಾರಿ ಕೂಡಿದರೆ ಒಂದು ಗಾವುದ. ನಿಜಾಮರ ಆಳ್ವಿಕೆಯಲ್ಲಿ ಬೀದರ, ಕಲಬುರಗಿ, ರಾಯಚೂರಿನವರು ಕೋಸಿನ ಲೆಕ್ಕದಲ್ಲೂ ನಡೆದರು. ಇಷ್ಟೆಲ್ಲ ಇದ್ದೂ, ಕಿಲೋಮೀಟರು ಬಂದ ಮೇಲೂ ನಮ್ಮ ಜನ ಕೈಬಿಡದ ಒಂದು ಮಾನವನ್ನು ಪಂಡಿತರು ಕಡೆಗಣಿಸಿದ್ದಾರೆ. ಅದು ‘ಇಲ್ಲೇ’. ತೆಲುಗು ಸೀಮೆಯಲ್ಲಿ ಇದಕ್ಕೆ ‘ಇಕ್ಕಡೇ’ ಎಂಬ ಪಾಠಾಂತರವಿದೆ.

ಈ ಕೊರತೆ ನೀಗಿಸಲೆಂದು, ಹೈದರಾಬಾದಿನ ಕಾಚಿಗುಡದಲ್ಲಿ ವಾಸವಾಗಿರುವ ಪ್ರಸ್ತುತ ಲೇಖಕನು ಯುಗಾದಿಗೆ ವಾರವಿರುವಾಗ ಮೂವರು ಸಹಸಂಶೋಧಕರೊಡನೆ (ಇಬ್ಬರು ಸಾಫ್ಟ್‌ವೇರಿನವರು, ಒಬ್ಬರು ಬ್ಯಾಂಕಿನಿಂದ ನಿವೃತ್ತರು) ಶ್ರೀಶೈಲದ ಭೀಮನ ಕೊಳ್ಳಕ್ಕೆ ಹೋಗಿ ಅದೇ ದಿನ ಮನೆಗೆ ಬಂದನು. ‘ಬಂದನು’ ಎಂಬ ಕ್ರಿಯಾಪದದ ಸಾಧುತ್ವವನ್ನು ಕೊನೆಯಲ್ಲಿ ಪರಿಶೀಲಿಸಲಾಗುವುದು.

ಮೊದಲು ‘ದಿನ’ ಶಬ್ದದ ನಿರ್ವಚನ. ಹೈದರಾಬಾದಿನಿಂದ ಶ್ರೀಶೈಲಕ್ಕೆ ಸುಮಾರು 215 ಕಿ.ಮೀ. ನಡುವೆ ಮನ್ನನೂರಿನಿಂದಾಚೆ ಅಮ್ರಾಬಾದ್ ಹುಲಿ ರಕ್ಷಿತಾರಣ್ಯ. ಹುಲಿಗಳ ನಿದ್ದೆಗೋ ಓಡಾಟಕ್ಕೋ ಭಂಗ ಬರಬಾರದೆಂದು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿರುತ್ತಾರೆ. ಆದ್ದರಿಂದ ಈ ಶಾಸ್ತ್ರದಲ್ಲಿ ದಿನವೆಂದರೆ 15 ಗಂಟೆ.

ಇನ್ನು ಕ್ಷೇತ್ರವರ್ಣನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಭಕ್ತರು ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆ ಕಂಬಿ ಹೊತ್ತು ನಡೆದೇ ಬರುವ ಹಳೆಯ ದಾರಿಯೊಂದಿದೆ: ಆತ್ಮಕೂರು, ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು. ಇಷ್ಟು ದೂರ ನಲ್ಲಮಲ ಕಾಡು ತುಳಿದವನ ಮುಂದೆ ನೆಲ ಸಟ್ಟನೆ ಬಾಯಿ ತೆರೆಯುತ್ತದೆ. ಅದೇ ಭೀಮನ ಕೊಳ್ಳ. ಪಾಂಡವರಿಗೆ ಬಾಯಾರಿದಾಗ ಭೀಮ ಗದೆಯಿಂದ ಹೊಡೆದು ಇಲ್ಲಿ ನೀರು ತರಿಸಿದನೆಂದು ಸ್ಥಳಪುರಾಣ. ಆಚೆ ದಂಡೆಯಲ್ಲಿ ನೂರಾರು ಮೆಟ್ಟಿಲು ಹತ್ತಿದರೆ ಕೈಲಾಸ ದ್ವಾರ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಪುಣ್ಯ 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿಯದು. ಕೊಳ್ಳದ ಮೆಟ್ಟಿಲುಗಳಲ್ಲಂತೂ ಯಾವ ಎರಡೂ ಒಂದೇ ಎತ್ತರಕ್ಕಿಲ್ಲ. ಕೆಲವನ್ನು ಭೀಮನ ಮೊಳಕಾಲಿಗೆ ಅಳತೆಯಿಟ್ಟು ಕೂರಿಸಿದಂತಿದೆ.

ನಮ್ಮ ತಂಡ ಕೊಳ್ಳವನ್ನು ತಲೆಕೆಳಗಾಗಿ ಅಧ್ಯಯನ ಮಾಡಿತು. ಅಂದರೆ ಕೈಲಾಸ ದ್ವಾರದವರೆಗೆ ಕಾರಿನಲ್ಲಿ ಹೋಗಿ, ಕೆಳಗಿಳಿದು, ಮತ್ತೆ ಹತ್ತುವುದು. ಸಾಫ್ಟ್‌ವೇರಿನವರು ಇದನ್ನು ವಾಟ್ಸಾಪಿನಲ್ಲಿ ‘ಮಧ್ಯಮದಿಂದ ಕಠಿಣ’ ಎಂದು ವರ್ಗೀಕರಿಸಿದ್ದರು. ಹೋಗುವಾಗ ಮಧ್ಯಮ, ಬರುವಾಗ ಕಠಿಣ ಎಂದು ನಾನು ಅರ್ಥೈಸಿದೆ.

ಮುಖ್ಯ ವಿಷಯಕ್ಕೆ ಬರೋಣ. ಶ್ರೀಶೈಲದಲ್ಲಿ ಚಹಾದಂಗಡಿಯವನನ್ನು ಕೇಳಿದಾಗ ಭೀಮನ ಕೊಳ್ಳ ‘ಇಕ್ಕಡೇ ಸಾರ್’ ಇತ್ತು. ಕೈಲಾಸ ದ್ವಾರದಲ್ಲಿ ಕೇಳಿದಾಗಲೂ ‘ಇಕ್ಕಡೇ’. ಅರ್ಧ ಇಳಿದ ಮೇಲೆ ಕನ್ನಡದ ಯಾತ್ರಿಕರನ್ನು ಕೇಳಿದರೆ ‘ಇಲ್ಲೇ ಐತ್ರೀ’. ಹೀಗೆ ನಡೆದಷ್ಟೂ ಕರಗದ, ಭಾಷೆ ಬದಲಾದರೂ ಬದಲಾಗದ ಮಾನ ಜಗತ್ತಿನಲ್ಲಿ ಇನ್ನೊಂದಿಲ್ಲ. ಆದರೆ ಸೂಕ್ಷ್ಮವಾಗಿ ಕಿವಿಗೊಟ್ಟರೆ ಗುಟ್ಟು ತಿಳಿಯುತ್ತದೆ: ಅದು ಅಡಗಿರುವುದು ಕೊನೆಯ ಸ್ವರದಲ್ಲಿ. ‘ಇಲ್ಲೇ’ ಎಂದು ಗುರುವಿನಲ್ಲಿ ನಿಲ್ಲಿಸಿದರೆ ಅರ್ಧ ಮೈಲಿ. ‘ಇಲ್ಲೇಏಏ’ ಎಂದು ಪ್ಲುತಕ್ಕೆ ಎಳೆದರೆ ಹರದಾರಿ. ಎಳೆಯುತ್ತ ಗದ್ದವನ್ನೂ ಮೇಲಕ್ಕೆತ್ತಿದರೆ ಅಲ್ಲಿಗೆ ಇವತ್ತು ಹೋಗುವ ಯೋಚನೆ ಬಿಡಬೇಕು. ಸ್ವರಗಳ ಹ್ರಸ್ವ ದೀರ್ಘ ಪ್ಲುತಗಳನ್ನು ಬಲ್ಲ ಕೇಶಿರಾಜ ಇದನ್ನು ‘ಶಬ್ದಮಣಿದರ್ಪಣ’ದಲ್ಲಿ ಹೇಳದೆ ಬಿಟ್ಟದ್ದಕ್ಕೆ ಒಂದೇ ಕಾರಣ ಹೊಳೆಯುತ್ತದೆ: ಅವನನ್ನು ಯಾರೂ ವಾರಾಂತ್ಯದ ಚಾರಣಕ್ಕೆ ಕರೆದಿರಲಿಕ್ಕಿಲ್ಲ.

ಪೂರ್ವಪಕ್ಷ: ಫೋನಿನಲ್ಲೇ ನಕ್ಷೆಯಿರುವಾಗ ಊರವರ ಬಾಯಿಗೇಕೆ ಕಿವಿಗೊಡಬೇಕು? ಸಮಾಧಾನ: ಮೂವತ್ತನೆಯ ಮೆಟ್ಟಿಲಿಗೆ ಸಿಗ್ನಲ್ ಹೋಯಿತು. ಅನಂತರ ಎರಡು ಗಂಟೆ ಕಾಲ ನಾವು ನಾಲ್ವರೂ, ನೀಲಿ ಚುಕ್ಕೆಯ ಪ್ರಕಾರ, ಕೃಷ್ಣೆಯ ಜಲಾಶಯದ ನಟ್ಟನಡುವೆ ನಿಂತಿದ್ದೆವು.

ಕೊಳ್ಳದಲ್ಲಿ ಶಾಸ್ತ್ರಕ್ಕೆ ಪೆಟ್ಟು ಕೊಟ್ಟ ಘಟನೆಯೊಂದನ್ನು ಪ್ರಾಮಾಣಿಕತೆಗಾಗಿ ದಾಖಲಿಸಬೇಕು. ನಾನು ಒಂದೊಂದೇ ಮೆಟ್ಟಿಲನ್ನು ಕುಳಿತು ಇಳಿಯುತ್ತಿದ್ದಾಗ ಮರಗಾಲು ಕಟ್ಟಿಕೊಂಡ ಹುಡುಗನೊಬ್ಬ ಟಕಟಕನೆ ಹತ್ತಿ ಹೋದ. ಅವನ ಹಿಂದೆ ಬಂದ ಮುದುಕಿ ನನ್ನ ಪಕ್ಕದಲ್ಲೇ ಕೂತಳು. ಅಂಗಾಲಿಗೆ ಹಳೆಯ ಇಳಕಲ್ ಸೀರೆಯ ಚೂರು ಸುತ್ತಿದ್ದಳು. ಅದನ್ನು ಬಿಚ್ಚಿ, ಕೊರಳ ಸರದಲ್ಲಿ ಸಿಕ್ಕಿಸಿದ್ದ ಪಿನ್ನಿನಿಂದ ಹಿಮ್ಮಡಿಯ ಸೀಳಿನೊಳಗಿನ ಮುಳ್ಳನ್ನು, ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಲೀಸಾಗಿ ತೆಗೆದಳು. ಆಮೇಲೆ ಏಳೂವರೆ ಸಾವಿರದ ನನ್ನ ಬೂಟನ್ನು ನೋಡಿದಳು.

“ಎಲ್ಲಿಂದ ಬಂದಿ ಯಪ್ಪಾ?”

“ಹೈದರಾಬಾದಿಂದ ಅವ್ವಾ.”

“ನಡಕೋಂತ?”

“ಇಲ್ಲವ್ವಾ, ಕಾರಿನ್ಯಾಗ. ಇಲ್ಲಿ ಕೆಳಗ ಇಳದು ಮತ್ತ ಹತ್ತತೀವಿ.”

“ಮತ್ತ ಹತ್ತಾಕ ಯಾಕ ಇಳದಿ?”

ಚಾರಣದ ಬಗ್ಗೆ ನಾನು ಓದಿಕೊಂಡಿದ್ದ ಯಾವುದರಲ್ಲೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅವಳಿಗೆ ಕೊಳ್ಳ ಸಿಕ್ಕಿದ್ದು ಅದು ದಾರಿಯಲ್ಲಿ ಅಡ್ಡ ಬಿದ್ದಿದ್ದರಿಂದ. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯ ಎಂಬುದು ಆ ಕಡೆಯವರ ಲೆಕ್ಕ. ಮಗಳಿಗೆ ಸೀರೆ ಕೊಟ್ಟು ಬರಲು ಹೊರಟವರು ನಡುವೆ ಕೊಳ್ಳವಿದ್ದರೆ ಇಳಿದು ಹತ್ತುತ್ತಾರೆ, ಅಷ್ಟೇ. ಊರು ಬಿಟ್ಟು ಹನ್ನೆರಡು ದಿನವಾಯಿತಂತೆ. ಇನ್ನೆಷ್ಟು ದೂರ ಎಂದು ಅವಳು ನನ್ನನ್ನು ಕೇಳಲೇ ಇಲ್ಲ. ದೂರ ಕೇಳದವರಿಗೆ ‘ಇಲ್ಲೇ’ ಅನ್ವಯಿಸದು ಎಂಬ ಅಪವಾದಸೂತ್ರವನ್ನು ಇಲ್ಲಿ ಸೇರಿಸಿಕೊಳ್ಳಬೇಕು.

ಹತ್ತುವ ಅಧ್ಯಾಯದಲ್ಲಿ ನಿವೃತ್ತರು ಮುಂದಿದ್ದರು, ಸಾಫ್ಟ್‌ವೇರಿನವರು ಹಿಂದೆ. ಹೆಚ್ಚು ವಿವರ ಬೇಡ. ಮೇಲೆ ಕರ್ನಾಟಕದ ಭಕ್ತರ ದಾಸೋಹದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಿಸಿ ಅನ್ನ ಸಾರು ಇತ್ತು. ನಡೆಯದವರಿಗೆ ಬಡಿಸಬಾರದೆಂಬ ನಿಯಮ ಅಲ್ಲಿಲ್ಲ. ಮೂರನೆಯ ಬಾರಿ ಎಲೆ ಹಿಡಿದದ್ದು ಸಂಶೋಧನೆಯ ಕಾಲಯೋಜನೆಗೆ ಹೊಂದಲಿಲ್ಲ ಎಂಬುದನ್ನು ಒಪ್ಪುತ್ತೇನೆ.

ಕೊನೆಯದಾಗಿ ‘ಬಂದನು’ ಎಂಬ ಕ್ರಿಯಾಪದ. ರಾತ್ರಿ 9 ಗಂಟೆ 10 ನಿಮಿಷಕ್ಕೆ ದೋಮಲಪೆಂಟದಲ್ಲಿ ಸಿಗ್ನಲ್ ಮರಳಿತು, ಅದರೊಡನೆ ಮನೆಯವರ ಫೋನೂ ಬಂತು.

“ಎಲ್ಲಿದ್ದೀರಿ?”

“ಇಲ್ಲೇ,” ಎಂದೆ. ಗುರುವಿನಲ್ಲೇ ನಿಲ್ಲಿಸಲು ಎಚ್ಚರ ವಹಿಸಿದ್ದೆ.

“ಗೇಟಿನ ಆಚೆಗೋ, ಈಚೆಗೋ?”

ಗೇಟು ಬೆಳಿಗ್ಗೆ 6ಕ್ಕೆ ತೆರೆಯಿತು.