ಸೆಟ್ಟಣ್ಣ

ಹೊಸಬರು ಅವನನ್ನು ಶೆಟ್ಟರೆಂದುಕೊಳ್ಳುತ್ತಾರೆ. ಅಲ್ಲ. 'ಸೆಟ್ ಮಾಡ್ಕೊಡ್ತೀನಿ ಬಿಡಿ ಸಾರ್' ಎಂಬ ಒಂದೇ ಮಾತಿನ ಮೇಲೆ ಸಂಸಾರ ಸಾಗಿಸುತ್ತಿರುವುದಕ್ಕೆ ಬಡಾವಣೆ ಕೊಟ್ಟ ಬಿರುದದು. ಬೆಂಗಳೂರಿನ ಯಾವ ಮೂಲೆಗೆ ಹೋದರೂ ಒಬ್ಬ ಸೆಟ್ಟಣ್ಣ ಸಿಕ್ಕೇ ಸಿಗುತ್ತಾನೆ. ಬಗಲಲ್ಲಿ ರೆಕ್ಸಿನ್ ಬ್ಯಾಗು, ಕೈಯಲ್ಲಿ ಎರಡು ಫೋನು.

ಬೆಳಗ್ಗೆ ದರ್ಶಿನಿಯಲ್ಲಿ ಸೆಟ್ ದೋಸೆಯಿಂದ ಅವನ ದಿನ ಶುರು. ಮೊದಲ ದೋಸೆ ಮುಗಿಯುವಷ್ಟರಲ್ಲಿ ಯಾರದೋ ಮಗಳಿಗೆ ಗಂಡು ಸೆಟ್. ಎರಡನೆಯದಕ್ಕೆ ಯಾರದೋ ತೋಟದ ಪಂಪ್‌ಸೆಟ್ಟಿನ ಕರೆಂಟು ಸೆಟ್. ಮೂರನೆಯದು ಸಾಗುವಿನಲ್ಲಿ ನೆನೆಯುತ್ತಿರುವಾಗಲೇ 'ಪತ್ರ ಎಲ್ಲಾ ಎರಡೆರಡು ಸೆಟ್ ಜೆರಾಕ್ಸ್ ಮಾಡಿಸಿ' ಎಂದು ಇನ್ಯಾರಿಗೋ ಅಪ್ಪಣೆ. ಸಂಜೆ ಕ್ಲಬ್ಬಿನ ರಮ್ಮಿಯಲ್ಲಿ ಮಾತ್ರ, ಪಾಪ, ಜೋಕರ್ ಕೈಲಿದ್ದರೂ ಸೆಟ್ಟು ಕೂಡಿಬರುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಕ್ರಿಯಾಪದಕ್ಕೆ 430ರಷ್ಟು ಅರ್ಥಗಳಿದ್ದವು. ಈಚಿನ ಪರಿಷ್ಕರಣೆಯಲ್ಲಿ 'ರನ್' 645 ಅರ್ಥ ಹೊತ್ತು ಅದನ್ನು ಹಿಂದೆ ಹಾಕಿದೆ. ಸೆಟ್ಟಣ್ಣನಿಗೆ ಅದರಲ್ಲೂ ಪಾಂಡಿತ್ಯವಿದೆ. ಅಡ್ವಾನ್ಸ್ ಕೊಟ್ಟವರು ಹುಡುಕಿಕೊಂಡು ಬಂದ ದಿನ ನೋಡಬೇಕು.

ಹಾಗೆಂದು ಅವನು ಸುಳ್ಳುಗಾರನಲ್ಲ. ಇಷ್ಟೊಂದು ಅರ್ಥಗಳಿರುವಾಗ ಯಾವುದಾದರೂ ಒಂದರಲ್ಲಿ ಅವನ ಮಾತು ನಿಜವಾಗಿಯೇ ಇರುತ್ತದೆ. ನಿವೃತ್ತ ಮೇಷ್ಟ್ರೊಬ್ಬರ ಸೈಟಿನ ಖಾತೆ ಬದಲಾವಣೆಯನ್ನೇ ನೋಡಿ. ವರ್ಷವಿಡೀ 'ಸೆಟ್ ಆಗಿದೆ ಮೇಷ್ಟ್ರೇ' ಎನ್ನುತ್ತಲೇ ಬಂದ. ಗಾರೆ ಮೇಸ್ತ್ರಿಯ ಬಾಯಲ್ಲಿ ಸೆಟ್ ಆಗುವುದೆಂದರೆ ಗಟ್ಟಿಯಾಗಿ, ಅಲುಗಾಡದೆ ನಿಂತುಬಿಡುವುದು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಅದಕ್ಕಾಗಿ ಭಾರತೀಯ ಮಾನಕ ಕೊಟ್ಟಿರುವ ಗಡುವು 10 ಗಂಟೆ. ಮೇಷ್ಟ್ರ ಫೈಲು ಅದಕ್ಕಿಂತ ಬೇಗನೆ ಸೆಟ್ ಆಗಿತ್ತು. ಇಟ್ಟ ಮೇಜು ಬಿಟ್ಟು ಒಂದಂಗುಲ ಕದಲಿರಲಿಲ್ಲ.

ಕೊನೆಗೊಂದು ದಿನ ಮೇಷ್ಟ್ರು ಅವನನ್ನು ದರ್ಶಿನಿಯಲ್ಲೇ ಹಿಡಿದರು. 'ಏನಯ್ಯಾ, ಇನ್ನೂ ಎಷ್ಟು ದಿನ ಸತಾಯಿಸ್ತೀಯ?' ಎಂದು ಗುಡುಗಿದ ರಭಸಕ್ಕೆ ಅವರ ಹಲ್ಲಿನ ಸೆಟ್ಟು ಸಡಿಲವಾಗಿ ಬಾಯಿಂದ ಅರ್ಧ ಹೊರಗೆ ಬಂತು. ಸೆಟ್ಟಣ್ಣ ಒಂದಿಷ್ಟೂ ಅಳುಕದೆ ಫೋನ್ ತೆಗೆದ.

'ನಮ್ಮ ಹುಡುಗ ಒಬ್ಬ ಡೆಂಟಿಸ್ಟ್ ಇದಾನೆ ಮೇಷ್ಟ್ರೇ, ಅದನ್ನೂ ಸೆಟ್ ಮಾಡಿಸ್ಕೊಡ್ತೀನಿ. ಸದ್ಯಕ್ಕೆ ಒಂದೈನೂರು ಇಟ್ಟಿದೀರಾ?'