ತಂಬುಳಿ ಯಾತ್ರೆ

ದುಡ್ಡು ಕೊಟ್ಟು ಕಾಡು ನೋಡುವುದು ಪುತ್ತೂರು ಕಡೆಯ ನನ್ನ ಅತ್ತೆಗೆ ಸುತರಾಂ ಒಪ್ಪಿಗೆಯಿಲ್ಲ. ಮೊಮ್ಮಗಳ ಹಟಕ್ಕೆ ಸೋತು ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಬಂದರು. ಮೃಗಾಲಯದಲ್ಲಿ ಹುಲಿ ಆಕಳಿಸಿತು, ಅತ್ತೆಯೂ ಆಕಳಿಸಿದರು. ಆದರೆ ಪಶ್ಚಿಮ ಘಟ್ಟದ ಗಿಡಮರ ಬೆಳೆಸಿರುವ ಸಸ್ಯವನದ ಕಾಲುದಾರಿ ಹಿಡಿದದ್ದೇ ತಡ, ಸೆರಗು ಸೊಂಟಕ್ಕೇರಿತು.

ವಿವರಿಸಲು ಬಂದ ಹುಡುಗ ಸಸ್ಯಶಾಸ್ತ್ರ ಓದಿದವನು. "ಇದು ಮೆಲಾಸ್ಟೊಮ ಮಲಬಾತ್ರಿಕಂ" ಎಂದ.

"ನೆಕ್ಕರಿಕ," ಎಂದರು ಅತ್ತೆ. "ಕುಡಿ ಚಿವುಟಿ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿ ಹಾಕಿ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ. ಹೊಟ್ಟೆ ಕೆಟ್ಟರೆ ಬಹಳ ಒಳ್ಳೇದು."

"ಇದು ಇಕ್ಸೋರಾ..."

"ಕೇಪುಳ. ಹೂವಿನದ್ದು ತಂಬುಳಿ."

ಒಂದೆಲಗದ ಮುಂದೆ ಅವನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಹಿಂದಿದ್ದ ಬೆಂಗಳೂರಿನ ಸಂಸಾರವೇ "ತಂಬುಳಿ!" ಎಂದು ಕೂಗಿತು. ಹಕ್ಕಿ ಕಂಡರೆ ಫೋಟೊ, ಹೂವು ಕಂಡರೆ ಸೆಲ್ಫಿ ಎನ್ನುವ ನಮಗೆ ಕಾಡು ಕಣ್ಣಿನ ಬಾಬತ್ತು. ಅತ್ತೆಗೆ ಮಾತ್ರ ಅದು ಬೀಗ ಹಾಕದ ಉಗ್ರಾಣ.

ಪಾಲೆ ಮರದ ಬುಡದಲ್ಲಿ ಅವರು ನಿಂತೇಬಿಟ್ಟರು. ತುಳು ತಿಂಗಳಾದ ಆಟಿಯ ಅಮಾವಾಸ್ಯೆಯ ನಸುಕಿಗೆ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಓಮ, ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಅರೆದು ರಸ ಹಿಂಡಿ, ಕಾಸಿದ ಬೆಣಚುಕಲ್ಲು ಅದರಲ್ಲಿ ಅದ್ದಿ, ಖಾಲಿ ಹೊಟ್ಟೆಗೆ ಕುಡಿಯಬೇಕು. ಆ ಕಹಿಗೆ ಹೆದರಿ ನಮ್ಮ ಮಾವ ಪ್ರತಿ ಆಟಿಯಲ್ಲೂ ಮಗಳ ಮನೆಯಲ್ಲಿರುತ್ತಾರೆ (ಅಲ್ಲೂ ಮಾಡುತ್ತಾರೆಂದು ಅವರಿಗೆ ಹೇಳಿದವರಿಲ್ಲ). ಕುಡಿದ ಮೇಲೆ ಸಮಾಧಾನಕ್ಕೆ ಮೆಂತೆ ಗಂಜಿ.

"ಮರ ಮಾತ್ರ ಹಿಂದಿನ ದಿನವೇ ಗುರುತು ಮಾಡಿಡಬೇಕು," ಎಂದು ದನಿ ತಗ್ಗಿಸಿದರು. "ಕತ್ತಲಲ್ಲಿ ಪಾಲೆ ಅಂತ ಕಾಸರಕದ ತೊಗಟೆ ತಂದು ಕುಡಿದವರು ಉಂಟು. ಮತ್ತೆ ಗಂಜಿಗೆ ಅವರು ಉಳಿಯಲಿಲ್ಲ."

"ಅದರಲ್ಲಿ ಸ್ಟ್ರಿಕ್ನಿನ್ ಇರುತ್ತದೆ," ಎಂದ ಹುಡುಗ. ಇಡೀ ದಿನದಲ್ಲಿ ಇಬ್ಬರೂ ಒಮ್ಮತಕ್ಕೆ ಬಂದದ್ದು ಆ ವಿಷದ ವಿಷಯದಲ್ಲಿ.

ಕೊಚ್ಚಿಯ ಡಚ್ ಗವರ್ನರ್ ಆಗಿದ್ದ ವಾನ್ ರೀಡ್ ಹೀಗೇ ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯರ ಬಾಯಿಂದ ಗಿಡಮೂಲಿಕೆಗಳ ವಿದ್ಯೆಯನ್ನು ಬರೆಸಿಕೊಂಡ; ಅದು 1678ರಿಂದ 1693ರವರೆಗೆ 12 ಸಂಪುಟಗಳ 'ಹೊರ್ಟುಸ್ ಮಲಬಾರಿಕುಸ್' ಆಗಿ ಅಚ್ಚಾಯಿತು. ಪಾಲೆ ಮರ ಮೊದಲ ಸಂಪುಟದಲ್ಲೇ ಇದೆ. ತಂಬುಳಿಗೆ ಅದರಲ್ಲಿ ಎಷ್ಟು ಪುಟ ಸಿಕ್ಕಿತೋ ನಾನು ಹುಡುಕಿಲ್ಲ. ಅತ್ತೆಗೆ ಹೇಳಿದರೆ ಹದಿಮೂರನೆಯ ಸಂಪುಟ ಶುರುವಾದೀತು ಎಂಬ ಭಯ.

ಅಷ್ಟರಲ್ಲಿ ಹುಡುಗ ಜೇಬಿನಿಂದ ಪೆನ್ನು ತೆಗೆದಿದ್ದ. "ಅಮ್ಮಾ, ನಾಲ್ಕು ಜನಕ್ಕಾದರೆ ನೆಕ್ಕರಿಕ ಕುಡಿ ಎಷ್ಟು ಬೇಕು?"

"ಒಂದು ಮುಷ್ಟಿ ಸಾಕು. ಅಲ್ಲ ಮಾರಾಯ, ಎಲೆ ಕೀಳಬಾರದು ಅಂತ ಬೋರ್ಡು ಹಾಕಿದ್ದು ನೀವೇ ಅಲ್ಲವಾ? ನೀನು ಎಲ್ಲಿಂದ ತರುತ್ತಿ?"